ಮಹಾಕಲಾವಿದರೂ ಮಾವನವರ ಬೆಲ್ಲವೂ

ಈ ಭೂಮಂಡಲದ ಮೇಲೆ ಹುಟ್ಟಿದ ಅಪ್ಪಂದಿರಲ್ಲೆಲ್ಲ ನನ್ನಷ್ಟು ದೂರದೃಷ್ಟಿಯುಳ್ಳ ಅಪ್ಪ ಇನ್ನೊಬ್ಬನಿಲ್ಲ ಎಂಬುದು ಒಂದು ಸೋಮವಾರ ಸಂಜೆ, ಕಾರ್ಖಾನೆಯ ಭೋಂಗಾ ಕೂಗುವ ಹೊತ್ತಿಗೆ ಸರಿಯಾಗಿ, ನನಗೆ ಖಚಿತವಾಯಿತು!

ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ನಾನು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕಾರಕೂನ, ಹೆಸರು ಚನಬಸಪ್ಪ. ರದ್ದಿ ಗೋದಾಮಿನ ಉಸ್ತುವಾರಿ ನನ್ನದು. ಊರೂರಿನ ಹಳೆಯ ಕಾಗದ ನೀರಿಗೆ ಬಿದ್ದು ಕೊಳೆತು ಮರುಜನ್ಮ ಪಡೆಯುವ ಮುನ್ನ ಕೊನೆಯದಾಗಿ ಕಾಣುವ ಮುಖ ನನ್ನದೇ. ಅಂದು ಹಾಗೆ ಸಾವಿಗೆ ಸಾಲುಗಟ್ಟಿ ನಿಂತ ಗಂಟುಗಳ ನಡುವೆ ಒಂದು ದಪ್ಪನೆಯ ಇಂಗ್ಲಿಷ್ ಮಾಸಿಕ ಕಣ್ಣಿಗೆ ಬಿತ್ತು. ಹೊದಿಕೆ ಹರಿದಿತ್ತು. ಒಳಗೆ ಪುಟಪುಟಕ್ಕೂ ಯುರೋಪಿನ ಮಹಾಕಲಾವಿದರ ಚಿತ್ರಗಳು, ಅವರ ಜೀವನದ ಕತೆಗಳು. ಕೊನೆಗೊಂದು ಲೇಖನ: ಚಿಕ್ಕ ಮಕ್ಕಳಿಗೆ ಓದು, ಬರಹ, ಲೆಕ್ಕ, ಭೂಗೋಳ ಎಲ್ಲವನ್ನೂ ಮಹಾಕಲಾವಿದರ ಮೂಲಕವೇ ಕಲಿಸಬಹುದಂತೆ! ಅದನ್ನು ಓದಿ ಮುಗಿಸುವಷ್ಟರಲ್ಲಿ ನಾನು ಕಾರಕೂನನಾಗಿ ಉಳಿದಿರಲಿಲ್ಲ, ಶಿಕ್ಷಣತಜ್ಞನಾಗಿದ್ದೆ. ಮಾಸಿಕವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಸೈಕಲ್ ತುಳಿದು ಮನೆಗೆ ಬಂದೆ.

"ನೀಲಾ!" ಎಂದು ಹೊಸ್ತಿಲಲ್ಲೇ ಘೋಷಿಸಿದೆ. "ನಾಳಿಯಿಂದ ಈರಿಗೆ ನಾನ ಪಾಠ ಹೇಳ್ತೇನಿ. ಅದೂ ಹೆಂಗ? ಜಗತ್ತಿನ ಮಹಾಕಲಾವಿದರ ಕೈಲಿಂದ!"

ನನ್ನ ಹೆಂಡತಿ ನೀಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರು ಯಾವಾಗ ಬರ್ತಾರ್ರಿ? ಊಟಕ್ಕಿರ್ತಾರೇನು?"

"ಏ ಹುಚ್ಚಿ, ಅವರೆಲ್ಲಾ ಸತ್ತು ಎಷ್ಟೋ ವರ್ಷ ಆತು!"

"ಹಂಗಾರ ರೊಟ್ಟಿ ಇಷ್ಟ ಸಾಕು" ಎಂದು ಆಕೆ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದಳು.

ನಗಬೇಡಿ. ಈ ಪಾಠದ ಹಿಂದೆ ಒಂದು ದೊಡ್ಡ ಸಂಕಟವಿತ್ತು. ನಮ್ಮ ಮಗಳು ಈರಕ್ಕನಿಗೆ ಆಗ ಏಳು ವರ್ಷ. ಮನೆಯಲ್ಲಿ ಎಲ್ಲರಿಗೂ ಈರಿ. ಸಾಲಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಆದರೆ ಅಕ್ಷರ ಮಾತ್ರ ಆಕೆಯ ಕೈಗೆ ಹತ್ತುತ್ತಿರಲಿಲ್ಲ. ಪಾಟಿಯ ಮೇಲೆ 'ಅ' ಬರೆ ಎಂದರೆ ಬರೆಯುತ್ತಿದ್ದಳು, ಆಮೇಲೆ ಅದಕ್ಕೆ ಎರಡು ಕಿವಿ ಇಡುತ್ತಿದ್ದಳು, ಬಾಲ ಅಂಟಿಸುತ್ತಿದ್ದಳು, ಕೊನೆಗೆ ಮೇಯಲು ಸ್ವಲ್ಪ ಹುಲ್ಲು ಬರೆಯುತ್ತಿದ್ದಳು. ವರ್ಣಮಾಲೆಯೆಲ್ಲ ದನದ ಕೊಟ್ಟಿಗೆಯಾಗಿತ್ತು!

ಈ ಸುದ್ದಿ ತೇರಗಾಂವದಲ್ಲಿದ್ದ ನನ್ನ ಮಾವ ಅಂದಾನೆಪ್ಪನವರ ಕಿವಿಗೆ ಮುಟ್ಟಿತು. ಕಬ್ಬು ಬೆಳೆಯುವ, ಸ್ವಂತ ಗಾಣವಿರುವ, ಒಂದು ಮಾತು ಆಡಿದರೆ ಎರಡನೆಯದು ಆಡದ ಮನುಷ್ಯ. ದೀಪಾವಳಿಗೆ ಬಂದಾಗ ಹೇಳಿಯೇಬಿಟ್ಟರು: "ಗಾಣಾ ಹೂಡಿ ಮೊದಲ ಬೆಲ್ಲಾ ಇಳಿಸಿ ಬರ್ತೇನಿ. ಅಷ್ಟರಾಗ ಹುಡುಗಿಗೆ ತನ್ನ ಹೆಸರು ಬರೀಲಿಕ್ಕೆ ಬರಬೇಕು. ಬರಲಿಲ್ಲಾ, ನಾ ಆಕಿನ್ನ ತೇರಗಾಂವಿಗೆ ಒಯ್ಯಾಂವ. ನಮ್ಮ ಅಣ್ಣನ ಮನಿಗೆ ಒಬ್ಬ ಮಾಸ್ತರ ಬರ್ತಾನ. ಕೈಯಾಗ ಛಡಿ ಹಿಡದಾ ಅಂದ್ರ ಕಲ್ಲೂ ಅಕ್ಷರ ಬರೀತಾವ."

ಅಂದಿನಿಂದ ನೀಲಕ್ಕ ಮಗಳನ್ನು ಮಗ್ಗುಲಲ್ಲೇ ಹಾಕಿಕೊಂಡು ಮಲಗುತ್ತಿದ್ದಳು. ನನ್ನ ಸ್ಥಿತಿಯೂ ಬೇರೆಯಲ್ಲ. ಕೆಲಸ ಬಿಟ್ಟು ಬರುವಾಗ ಓಣಿಯ ತಿರುವಿನಲ್ಲಿ ಈರಿ ನಿಂತಿರುತ್ತಿದ್ದಳು. ಸೈಕಲ್ಲಿನ ದಂಡಿಗೆಯ ಮೇಲೆ ಕೂರಿಸಿಕೊಂಡರೆ ಮನೆಯ ತನಕ ಗಂಟೆ ಬಾರಿಸುವುದು ಆಕೆಯದೇ ಹಕ್ಕು. ಆ ತಿರುವಿನಲ್ಲಿ ಆಕೆ ಇಲ್ಲದ ಸಂಜೆಯನ್ನು ನೆನೆಸಿಕೊಂಡರೆ ನಾನೇ ಸುಮ್ಮಸುಮ್ಮನೆ ಗಂಟೆ ಬಾರಿಸಿಬಿಡುತ್ತಿದ್ದೆ. ಮಗಳನ್ನು ಉಳಿಸಿಕೊಳ್ಳಲು ಯಾವ ಕಲಾವಿದನ ಕಾಲು ಹಿಡಿಯಲೂ ನಾನು ಸಿದ್ಧನಿದ್ದೆ!

ಪಾಠಶಾಲೆ ನಮ್ಮ ಪಡಸಾಲೆಯಲ್ಲಿ ಶುರುವಾಯಿತು. ವಿದ್ಯಾರ್ಥಿಗಳು ಮೂವರು: ಈರಿ, ಆಕೆಯ ತಮ್ಮ ನಾಲ್ಕು ವರ್ಷದ ನಾಗಲಿಂಗ, ಮತ್ತು ಹಿಂದಿನ ಸಾಲಿನ ಮನೆಯ ಲೂಸಿ. ಲೂಸಿಯ ಅಪ್ಪ ಇನಾಸ ನಮ್ಮ ಕಾರ್ಖಾನೆಯಲ್ಲೇ ಬಿದಿರು ಇಳಿಸುವ ಆಳುಗಳ ಮೇಲೆ ಮುಕಾದಮ. ಜೋಯಿಡಾ ಕಡೆಯ ಸಿದ್ದಿಗಳು. ಲೂಸಿಯನ್ನು ಈರಿಯಿಂದ ಬೇರೆ ಮಾಡುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ ಆಕೆಗೆ ಪ್ರವೇಶ ತಾನಾಗಿ ಸಿಕ್ಕಿತ್ತು.

ಮೊದಲ ಪಾಠ ಮೈಕೆಲೆಂಜೆಲೊ. "ಇಂವ ದೇವರ ಗುಡಿಯ ಮಾಳಿಗಿ ತುಂಬ ಚಿತ್ರಾ ಬರದಾ. ವರ್ಷಗಟ್ಟಲೆ ಮುಖಾ ಮ್ಯಾಲ ಮಾಡಿ, ಕುತಗಿ ನೋಯಿಸಿಕೊಂಡು! ನೀವೂ ಅಭ್ಯಾಸ ಮಾಡ್ರಿ!" ಎಂದು ಮೂವರನ್ನೂ ಮೇಜಿನ ಕೆಳಗೆ ಅಂಗಾತ ಮಲಗಿಸಿ ಕೈಗೆ ಇದ್ದಿಲು ಕೊಟ್ಟೆ. ಮೇಜಿನ ಅಡಿಭಾಗದಲ್ಲಿ ಸ್ವರ್ಗ ಮೂಡುವುದನ್ನು ಕಾಯುತ್ತ ನಾನು ಮೇಲೆ ಚಹಾ ಕುಡಿದೆ. ಮೂಡಿದ್ದು ಮೂರು ಅಳು! ಇದ್ದಿಲಿನ ಪುಡಿಯೆಲ್ಲ ಕಣ್ಣಿಗೆ ಬಿದ್ದಿತ್ತು. ನನ್ನ ತಾಯಿ ಶಿವಗಂಗವ್ವ ಓಡಿಬಂದು ಮೂವರ ಕಣ್ಣಿಗೂ ನೀರು ಹಾಕಿದಳು. "ಏ ಚನಬಸೂ, ಯಾರೋ ಅಂವ ಮೈಕಲ್ಲಪ್ಪ? ಸಣ್ಣ ಹುಡುಗುರನ್ನ ಮಲಗಿಸಿ ಮಸಿ ಹೊಯ್ಯಂತ ಯಾವ ಸಾಲ್ಯಾಗ ಹೇಳ್ಯಾರೋ?"

ಎರಡನೆಯ ಪಾಠ ವ್ಯಾನ್ ಗಾಗ್. ಆತನ ಸೂರ್ಯಕಾಂತಿಯ ಚಿತ್ರ ತೋರಿಸಿ ಹೂವು ಎಣಿಸುವ ಲೆಕ್ಕ ಕಲಿಸಿದೆ. ಸೂರ್ಯಕಾಂತಿ ಸಿಗದೆ ಹಿತ್ತಲಿನ ಚೆಂಡುಹೂವನ್ನೆಲ್ಲ ಕಿತ್ತು ತಂಬಿಗೆಗೆ ತುರುಕಿದೆವು. ಅವು ಅವ್ವನ ಪೂಜೆಯ ಹೂವು! ಅಂದು ಬೈಗುಳದ ಲೆಕ್ಕವನ್ನು ಎಣಿಸಲು ಯಾರಿಗೂ ಬರಲಿಲ್ಲ. ಆ ಕಲಾವಿದ ತನ್ನ ಕಿವಿಯನ್ನೇ ಕೊಯ್ದುಕೊಂಡ ಕತೆಯನ್ನು ನಾನು ಜಾಣತನದಿಂದ ಬಿಟ್ಟುಬಿಟ್ಟೆ. ನಾಗಲಿಂಗನ ಕೈಗೆ ಕತ್ತರಿ ಎಟುಕುತ್ತಿತ್ತು.

ಮೂರನೆಯ ಪಾಠ ಲಿಯೊನಾರ್ಡೊ. "ಇಂವ ತನ್ನ ಟಿಪ್ಪಣಿ ಎಲ್ಲಾ ತಿರುವುಮುರುವು ಬರೀತಿದ್ದಾ. ಕನ್ನಡಿ ಹಿಡದ್ರನ ಓದಲಿಕ್ಕೆ ಬರೂದು!" ಎಂದೆ. ಈರಿಯ ಮುಖ ಅರಳಿತು. ಅಷ್ಟು ದಿನ ಬರೆಯಲೊಲ್ಲೆ ಎನ್ನುತ್ತಿದ್ದವಳು ಪಾಟಿ ಎಳೆದುಕೊಂಡು 'ಈರಕ್ಕ' ಎಂದು ಬರೆದಳು. ನನ್ನ ಕಣ್ಣಲ್ಲಿ ಆನಂದಬಾಷ್ಪ! ಬಗ್ಗಿ ನೋಡಿದರೆ ಎಲ್ಲಾ ಹಿಂದುಮುಂದು. ಅಂದಿನಿಂದ ನನ್ನ ಮಗಳ ಕನ್ನಡ ಓದಬೇಕಾದರೆ ಗೋಡೆಯ ಕನ್ನಡಿ ಇಳಿಸಬೇಕಾಯಿತು.

"ಅಪ್ಪಾ ಬರೂ ಮುಂದ ಒಂದು ಕನ್ನಡಿ ತಗೊಂಡ ಬರ್ರಿ ಅಂತ ತೇರಗಾಂವಿಗೆ ಪತ್ರಾ ಹಾಕ್ಲೇನ್ರಿ?" ಎಂದಳು ನೀಲಕ್ಕ. ಮಾತು ತಮಾಷೆಯದು, ಆದರೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನಾನು ಕನ್ನಡಿಯನ್ನು ಮತ್ತೆ ಗೋಡೆಗೆ ತೂಗುಹಾಕಿದೆ.

ಅಷ್ಟರಲ್ಲಿ ತೇರಗಾಂವದಿಂದ ಬಂದದ್ದು ಬೆಲ್ಲ. ಮಾವನವರ ಗಾಣದ ಆ ವರ್ಷದ ಮೊದಲ ಪೆಂಟಿ. ಬಕೆಟ್ಟಿನಷ್ಟು ಎತ್ತರದ, ಕೆಂಪು ಬಂಗಾರದಂಥ ಒಂದೇ ಗಟ್ಟಿ! ಕಬ್ಬಿನ ಒಣ ಎಲೆಯ ರವದಿಯಲ್ಲಿ ಸುತ್ತಿ ಹಳಿಯಾಳದಿಂದ ಬರುವ ಲಾರಿಯವನ ಕೈಯಲ್ಲಿ ಕಳಿಸಿದ್ದರು. ಜೊತೆಗೊಂದು ಹೇಳಿಕೆ: "ಗುರುವಾರ ಬರ್ತೇನಿ. ಇದ ಬೆಲ್ಲದ ಹೋಳಿಗಿ ಆಗಬೇಕು. ಹುಡುಗಿ ಅರಿವಿ ಗಂಟು ಕಟ್ಟಿ ಇಡ್ರಿ." ಮೊದಲ ಪೆಂಟಿ ಎಂದರೆ ಮಾವನವರಿಗೆ ಮಗಳ ಮನೆಗೆ ಸಲ್ಲುವ ಮರ್ಯಾದೆ. ಅವರು ಬಂದು ಕೂತ ಮೇಲೆ ಅವರೆದುರಿಗೇ ಒಡೆಯಬೇಕು ಎಂದು ಅವ್ವ ಅದನ್ನು ಕತ್ತಲೆಯ ಸಾಮಾನಿನ ಕೋಣೆಯಲ್ಲಿ ಮಣೆಯ ಮೇಲೆ ಇಟ್ಟು ಬಾಗಿಲು ಎಳೆದಳು.

ಮಾವನವರು ಬರಲು ಎರಡೇ ದಿನ ಉಳಿದಿದ್ದ ಮಂಗಳವಾರ ಸಂಜೆ ನಾನು ಕೊನೆಯ ಬಾಣ ಬಿಟ್ಟೆ. ಮತ್ತೆ ಮೈಕೆಲೆಂಜೆಲೊ, ಈ ಸಲ ಶಿಲ್ಪಿಯಾಗಿ. "ಕೇಳ್ರಿ! ಇಂವ ಮೂರ್ತಿ ಮಾಡ್ತಿರಲಿಲ್ಲಂತ. ಮೂರ್ತಿ ಮೊದಲ ಕಲ್ಲಿನೊಳಗ ಕೂತಿರ್ತೈತಂತ. ಇಂವ ಬ್ಯಾಡಾದ್ದು ಅಷ್ಟ ತಗದು ಹಾಕಾಂವ!"

ಮೂವರೂ ಬಾಯಿ ತೆರೆದುಕೊಂಡು ಕೇಳಿದರು. ಪಾಠ ನಾಟಿತೆಂದು ತೃಪ್ತನಾಗಿ ನಾನು ಆರಾಮ ಕುರ್ಚಿಯಲ್ಲಿ ಪತ್ರಿಕೆ ಬಿಡಿಸಿದೆ.

"ಅಪ್ಪಾ, ಎಲ್ಲಾ ಕಲ್ಲಿನೊಳಗೂ ಕೂತಿರ್ತಾರೇನು?" ಈರಿಯ ದನಿ.

"ಹೂಂ."

"ಕಟಗ್ಯಾಗ?"

"ಹೂಂ."

"ಬೆಲ್ಲದಾಗ?"

ಪತ್ರಿಕೆಯಲ್ಲಿ ಅಂದು ಪಂಚವಾರ್ಷಿಕ ಯೋಜನೆಯ ವಿಚಾರವಾಗಿ ಬಹಳ ಗಂಭೀರವಾದ ಲೇಖನವಿತ್ತು. "ಹೂಂ" ಎಂದೆ.

"ತಗೀಲೇನು?"

"ಹೂಂ."

ದೇಶದ ಯೋಜನೆ ಓದುತ್ತಿದ್ದ ನನಗೆ ಮನೆಯ ಯೋಜನೆ ತಿಳಿಯಲಿಲ್ಲ!

ಬುಧವಾರ ಮಧ್ಯಾಹ್ನ ನೀಲಕ್ಕ ಅಪ್ಪ ಬರುತ್ತಾನೆಂದು ಹಾಸಿಗೆ ಹೊದಿಕೆಗಳನ್ನೆಲ್ಲ ಹೊತ್ತು ಹೊಳೆಗೆ ಹೋಗಿದ್ದಳು. ಅವ್ವ ಎದುರುಮನೆಯ ಗಿರಿಜಾಬಾಯಿಯ ಹತ್ತಿರ ಶಾವಿಗೆ ಹೊಸೆಯಲು ಕೂತಿದ್ದಳು. ನಾನು ಗೋದಾಮಿನಲ್ಲಿದ್ದೆ. ಸಂಜೆ ಮನೆಗೆ ಬಂದು ಕೋಟು ಕಳಚುತ್ತಿದ್ದೆ, ಸಾಮಾನಿನ ಕೋಣೆಗೆ ಎಣ್ಣೆ ತರಲು ಹೋದ ಅವ್ವ ಕಿರುಚಿದಳು.

"ಚನಬಸೂ! ಓಡಿ ಬಾರೋ! ಬಸವಣ್ಣ ಬಂದಾನೋ!"

ದೀಪ ಹಿಡಿದು ಓಡಿದೆ. ಮಣೆಯ ಮೇಲೆ ಬೆಲ್ಲದ ಪೆಂಟಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಬಸವ ಕಾಲು ಮಡಿಸಿ ಕೂತಿದ್ದ! ಹೆಗಲ ಮೇಲೆ ಉಬ್ಬಿದ ಇಣಿ ಇತ್ತು, ಕೊರಳ ಕೆಳಗೆ ಜೋತ ಗಂಗೆದೊಗಲು ಇತ್ತು, ಮೊಳೆಯಿಂದ ಕೊರೆದ ಮೂಗಿನ ಹೊಳ್ಳೆ ಇತ್ತು, ಒದ್ದೆ ಕೈಯಲ್ಲಿ ಸವರಿದ ಮೈ ದೀಪಕ್ಕೆ ಮಿನುಗುತ್ತಿತ್ತು. ಒಂದು ಕೋಡು ಮೇಲೆ, ಇನ್ನೊಂದು ಕೆನ್ನೆಯ ಕಡೆಗೆ ಬಾಗಿತ್ತು. ಅವ್ವ ಆಗಲೇ ನೆಲಕ್ಕೆ ಹಣೆ ಹಚ್ಚಿದ್ದಳು. "ಬೀಗರ ಬೆಲ್ಲದಾಗ ಉದ್ಭವ ಆಗ್ಯಾನೋ ನಮ್ಮಪ್ಪ! ಯಾವ ಜನ್ಮದ ಪುಣ್ಯಾ ಇದು!"

ನಾನು ನೆಲ ನೋಡಿದೆ. ಒಂದು ಚೂರು ಬೆಲ್ಲವೂ ಬಿದ್ದಿರಲಿಲ್ಲ. ಬೇಡವಾದದ್ದು ಎಲ್ಲಿ ಹೋಯಿತು? ಪಡಸಾಲೆಗೆ ಬಂದೆ. ಎಂದೂ ಇಲ್ಲದೆ ದೀಪ ಹಚ್ಚುವ ಹೊತ್ತಿಗೇ ನನ್ನ ಇಬ್ಬರು ಮಕ್ಕಳೂ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾಗಲಿಂಗನ ಗದ್ದದ ಮೇಲೆ ಇರುವೆಗಳು ಸಾಲುಹಿಡಿದು ಹೊರಟಿದ್ದವು. ಈರಿಯ ಅಂಗೈಯನ್ನು ಮುಟ್ಟಿದರೆ ನನ್ನ ಬೆರಳು ಅಲ್ಲೇ ಅಂಟಿಕೊಂಡಿತು!

ಹೊಳೆಯಿಂದ ಬಂದ ನೀಲಕ್ಕನನ್ನು ಅಡಿಗೆಮನೆಯ ಮೂಲೆಗೆ ಎಳೆದೆ. ಎಲ್ಲವನ್ನೂ ಪಿಸುಗುಟ್ಟಿದೆ. ಆಕೆಯ ಮುಖದ ಬಣ್ಣವೇ ಇಳಿಯಿತು.

"ನಮ್ಮಪ್ಪ ಹೆಸರು ಬರಿ ಅಂದಿದ್ದಾ. ಇಕಿ ಹೆಸರು ಬರೀಲಿಲ್ಲ, ಮೊದಲ ಪೆಂಟಿ ತಿಂದು ಕುಂತಾಳ! ನಾಳಿ ಮಧ್ಯಾಹ್ನದ ಬಸ್ಸಿಗೇ ಕರಕೊಂಡ ಹೋಗ್ತಾನ್ರಿ."

"ಹೇಳೂದು ಬ್ಯಾಡ" ಎಂದೆ. "ಬಸವಣ್ಣ ಬಂದಾನ ಅಂತ ಅವ್ವನ ಅಂದಾಳ. ನಾವು ಹೌದೂ ಅನ್ನೂದಿಲ್ಲ, ಅಲ್ಲಾ ಅನ್ನೂದಿಲ್ಲ."

"ನಿಮ್ಮ ಮಹಾಕಲಾವಿದರಿಗೆ ಒಂದ ಊಟಾ ಹಾಕೂದಿತ್ತು, ಉಳಿದ ಬೆಲ್ಲಾ ಸೈತ ಮುಗಸ್ತಿದ್ರು" ಎಂದು ನೀಲಕ್ಕ ಅಳುತ್ತಲೇ ಬೈದಳು.

ಆದರೆ ಸುಮ್ಮನಿರುವುದು ನಾವು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅವ್ವ ಬಸವಣ್ಣನನ್ನು ಪಡಸಾಲೆಗೆ ತಂದು ಕೂರಿಸಿ, ಹಣೆಗೆ ವಿಭೂತಿ ಎಳೆದು, ಪತ್ರಿ ಏರಿಸಿದ್ದಳು. ಗಿರಿಜಾಬಾಯಿ ಆರತಿ ತಟ್ಟೆ ಹಿಡಿದು ಬಂದವಳೇ, ಗಂಡನಿಗೆ ಬಡ್ತಿ ಕೊಡಿಸೆಂದು ಬೇಡಿಕೊಂಡಳು. ಆಕೆಯ ಹಿಂದೆ ಓಣಿಗೆ ಓಣಿಯೇ! ತೆಂಗಿನಕಾಯಿ ಒಡೆಯುವ ಸದ್ದಿಗೆ ಮನೆ ಗುಂಯ್‌ಗುಡತೊಡಗಿತು. ಮನುಷ್ಯರಿಗಿಂತ ಮೊದಲು ಸುದ್ದಿ ತಿಳಿದದ್ದು ಇರುವೆಗಳಿಗೆ. ಕಪ್ಪಿರುವೆ, ಕೆಂಪಿರುವೆ, ನಾನು ಹುಟ್ಟಾ ಕಂಡಿರದ ಜಾತಿಯ ಇರುವೆಗಳೆಲ್ಲ ದರ್ಶನಕ್ಕೆ ಬಂದವು. ಕೊಲ್ಲಕೂಡದೆಂದು ಅವ್ವನ ಕಟ್ಟಪ್ಪಣೆ. ನಾನು ರಜೆ ಹಾಕಿ, ಬೀಸಣಿಗೆ ಹಿಡಿದು, ಬೆಲ್ಲದ ದೇವರ ಮುಂದೆ ಇರುವೆ ಅಟ್ಟುತ್ತ ಕೂತೆ. ಬಂದವರು ನನ್ನ ಭಕ್ತಿಯನ್ನು ಕಂಡು ತಲೆದೂಗಿದರು!

ಇದರ ನಡುವೆ ಇನಾಸ ಬಂದ. ಮುಖ ಗಾಬರಿಯಾಗಿತ್ತು.

"ಕಾರಕೂನ್ರ, ನಿನ್ನೆ ನಿಮ್ಮ ಮನ್ಯಾಗ ಹುಡುಗುರಿಗೆ ಏನ್ ಕೊಟ್ಟಿದ್ರಿ? ನಮ್ಮ ಲೂಸಿ ಮುಂಜಾನಿಂದ ತಂಬಿಗಿ ಕೆಳಗಿಟ್ಟಿಲ್ಲ! ಕೇಳಿದ್ರ 'ಬ್ಯಾಡಾದ್ದು ತಗದ್ವಿ' ಅಂತಾಳ, ಮುಂದ ಮಾತಿಲ್ಲ."

ಅವ್ವನ ಕಿವಿ ಚುರುಕಾಯಿತು. ನಾನು ಬೀಸಣಿಗೆಯನ್ನು ಜೋರಾಗಿ ಬೀಸಿದೆ. "ಹವಾ ಸರಿ ಇಲ್ಲ ಇನಾಸ, ಹವಾ! ನಮ್ಮ ನಾಗಲಿಂಗಗೂ ಹಂಗ ಆಗೇತಿ!"

ಇನಾಸ ಪಡಸಾಲೆಯೊಳಗೆ ಇಣುಕಿದ. ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಬಸವನನ್ನು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬಾಗಿಲ ಸಂದಿಯಲ್ಲಿ ಅಡಗಿ ನಿಂತಿದ್ದ ಈರಿಯನ್ನು ನೋಡಿದ. ಅವನ ಮೀಸೆ ಒಂದು ಸಲ ಅಲುಗಿತು. "ಹೌದ್ರಿ, ಹವಾನ ಇರಬೇಕು" ಎಂದವನೇ ಹೊರಟುಹೋದ. ಅಂಥ ನೆರೆಯವರನ್ನು ಕೊಟ್ಟ ದೇವರಿಗೆ, ಆತ ಯಾವ ಗುಡಿಯವನೇ ಇರಲಿ, ನಾನು ಮನಸ್ಸಿನಲ್ಲೇ ಕೈಮುಗಿದೆ.

ಹತ್ತರ ಬಸ್ಸಿಗೆ ಮಾವನವರು ಬಂದರು. ಹೊಸ್ತಿಲಲ್ಲಿ ನಿಂತು ಮೂಗು ಅರಳಿಸಿದರು. ಹೋಳಿಗೆಗೆ ಬೇಯುವ ಬೇಳೆಯ ವಾಸನೆ ಬರಬೇಕಾದಲ್ಲಿ ಊದಿನಕಡ್ಡಿಯ ಹೊಗೆ!

"ಬರ್ರಿ ಬೀಗರ, ಬರ್ರಿ!" ಅವ್ವ ಓಡಿಹೋಗಿ ಎದುರುಗೊಂಡಳು. "ನಿಮ್ಮ ಬೆಲ್ಲದಾಗ ಸಾಕ್ಷಾತ್ ಬಸವಣ್ಣ ಬಂದಾನ್ರಿ! ನಿಮ್ಮ ಗಾಣ ಪಾವನ ಆತು!"

ಮಾವನವರು ಕಾಲು ತೊಳೆದು, ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಒಳಗೆ ಬಂದರು. ಕೈ ಜೋಡಿಸಿದರು. ಹಾಗೇ ನಿಂತರು. ಜೋಡಿಸಿದ ಕೈ ನಿಧಾನವಾಗಿ ಕೆಳಗಿಳಿಯಿತು. ಮುಂದೆ ಬಗ್ಗಿ, ಕೆನ್ನೆಯ ಕಡೆಗೆ ಬಾಗಿದ ಆ ಕೋಡನ್ನು ಬೆರಳ ತುದಿಯಿಂದ ಮುಟ್ಟಿದರು. ನೀಲಕ್ಕ ಅಡಿಗೆಮನೆಯ ಬಾಗಿಲಲ್ಲಿ ಮಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

"ಇದು ಬಸವಣ್ಣ ಅಲ್ರಿ" ಎಂದರು ಮಾವನವರು.

ಓಣಿಯ ಹೆಂಗಸರೆಲ್ಲ ಆರತಿ ತಟ್ಟೆ ಕೆಳಗಿಳಿಸಿದರು. ಮುಗಿಯಿತು, ಮಗಳು ಹೋದಳು ಎಂದುಕೊಂಡೆ.

"ಇಂವ ನಮ್ಮ ಮಾಲ್ಯಾ" ಎಂದು ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಮಾಲ್ಯಾನನ್ನು ನಾನೂ ಬಲ್ಲೆ. ಮಾವನವರ ಗಾಣ ತಿರುಗಿಸಿದ ಎತ್ತು. ಕರುವಾಗಿದ್ದಾಗಲೇ ಎಲ್ಲೋ ಬಿದ್ದು ಕೋಡು ಸೊಟ್ಟಗಾಗಿತ್ತಂತೆ. ಈರಿಯನ್ನು ತೇರಗಾಂವಿಗೆ ಕರೆದೊಯ್ದಾಗಲೆಲ್ಲ ಮಾವನವರು ಆಕೆಯನ್ನು ಅದರ ಬೆನ್ನ ಮೇಲೆ ಕೂರಿಸಿ ಗಾಣದ ಸುತ್ತ ತಿರುಗಿಸುತ್ತಿದ್ದರು. ಹೋದ ಮಳೆಗಾಲಕ್ಕೆ ಮುಂಚೆ ಅದು ಸತ್ತಿತ್ತು. ಹೊಸ ಎತ್ತು ತಂದರೂ ಮಾಲ್ಯಾನ ಗೂಟಕ್ಕೆ ಮಾವನವರು ಅದನ್ನು ಕಟ್ಟಿರಲಿಲ್ಲ. ಆ ವಿಷಯವಾಗಿ ಯಾರೊಡನೆಯೂ ಒಂದು ಮಾತು ಆಡಿರಲೂ ಇಲ್ಲ. ಈಗ ಆ ಗಟ್ಟಿ ಮನುಷ್ಯ ಎಲ್ಲರೆದುರಿಗೆ ವಲ್ಲಿಯನ್ನು ಕಣ್ಣಿಗೆ ಒತ್ತಿಕೊಂಡು ಕೂತಿದ್ದರು.

"ಯಾರು ಮಾಡಿದ್ರಿದನ್ನ?" ಎಂದರು ಕೊನೆಗೆ.

ಇನ್ನು ಮುಚ್ಚಿಡುವ ಧೈರ್ಯ ನನಗಿರಲಿಲ್ಲ. ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಸೆರಗಿನೊಳಗಿಂದ ಒಂದು ಸಣ್ಣ ತಲೆ ಹೊರಬಂತು.

"ನಾ ಮಾಡಿಲ್ಲಜ್ಜಾ. ಅಂವ ಮೊದಲ ಒಳಗ ಕೂತಿದ್ದ. ನಾವು ಮ್ಯಾಲಿಂದು ಅಷ್ಟ ತಿಂದ್ವಿ."

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯ ನನ್ನ ಶಿವನ! ಅಂದ್ರ ನಿನ್ನಿಯಿಂದ ನಾ ಪೂಜಿ ಮಾಡಿದ್ದು ಒಂದು ಎತ್ತಿಗೇನು? ಪತ್ರಿ ಏರಿಸಿದ್ದು, ಕಾಯಿ ಒಡದದ್ದು..."

"ಹೌದ್ರಿ ಬೀಗರ" ಎಂದರು ಮಾವನವರು. "ಜೀವಾ ಇರೂತನಕ ನಮಗ ದುಡದು ಹಾಕಿದಾಂವ. ಅಂವ ಇದ್ದಾಗ ನಾ ಒಂದ ದಿನಾ ಕೈ ಮುಗೀಲಿಲ್ಲ. ನೀವರ ಮುಗದ್ರಿ. ಸಲ್ಲಬೇಕಾದಲ್ಲಿಗೆ ಸಂದೈತಿ, ಬಿಡ್ರಿ."

ಅವ್ವ ಯಾರಿಗೂ ಕಾಣದ ಹಾಗೆ, ಜಾರಿದ್ದ ಒಂದು ಪತ್ರಿಯನ್ನು ಮಾಲ್ಯಾನ ಇಣಿಯ ಮೇಲೆ ಮತ್ತೆ ಸರಿಯಾಗಿ ಇಟ್ಟಳು. ಗಿರಿಜಾಬಾಯಿ ಮಾತ್ರ ಗಂಡನ ಬಡ್ತಿಯ ಕೋರಿಕೆ ಎತ್ತಿಗೆ ನಡೆಯುತ್ತದೋ ಇಲ್ಲವೋ ತಿಳಿಯದೆ ಪೇಚಾಡುತ್ತ ನಿಂತಿದ್ದಳು.

ಮಾವನವರು ಈರಿಯನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. "ಎತ್ತು ಮಾಡೂದನ್ನ ಯಾರು ಕಲಿಸಿದ್ರವ್ವಾ ನಿನಗ?"

ಇದೋ ಬಂತು! ನಾನು ಬೀಸಣಿಗೆ ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ. ಮೈಕೆಲೆಂಜೆಲೊ, ವ್ಯಾನ್ ಗಾಗ್, ಲಿಯೊನಾರ್ಡೊ, ಚನಬಸಪ್ಪ ಎಂದು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡೆ.

"ನೀನ" ಎಂದಳು ಈರಿ.

"ನಾನ?"

"ಮಣ್ಣೆತ್ತಿನ ಅಮವಾಸಿಗೆ ಹಿಂಗ ತೊಡಿ ಮ್ಯಾಲ ಕುಂಡರಿಸಿಕೊಂಡು ಮಾಡಿಸಿದ್ದಿಲ್ಲ? ಮೊದಲ ಹೊಟ್ಟಿ ಮಾಡು, ಆಮ್ಯಾಲ ಇಣಿ ಎಬ್ಬಿಸು, ಕ್ವಾಡ ಕಡೀಕ ಅಂತ? ಅವು ಕೆರಿಯಾಗ ಹೋದ್ವು. ಅದಕ್ಕ ಬೆಲ್ಲದಾಗ ಮಾಡಿದೆ."

ಪ್ರತಿ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಬರುವ ಆ ಹಬ್ಬಕ್ಕೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಮಣ್ಣಿನ ಎತ್ತು ಮಾಡಿ, ಪೂಜಿಸಿ, ಮರುದಿನ ನೀರಿಗೆ ಬಿಡುತ್ತಾರೆ. ಅದನ್ನೊಂದು ಪಾಠವೆಂದು ಅಂದುಕೊಂಡವರು ಯಾರಿದ್ದಾರೆ? ಮಾವನವರೂ ಅಂದುಕೊಂಡಿರಲಿಲ್ಲ. ತಮ್ಮ ಒರಟು ಅಂಗೈಗಳನ್ನು 'ಇವೇನಾ?' ಎಂಬಂತೆ ತಿರುಗಿಸಿ ನೋಡಿಕೊಂಡರು.

"ಈಗ ಇದನ್ನೇನು ಮಾಡೂದು?" ನೀಲಕ್ಕ ಮೆಲ್ಲಗೆ ಕೇಳಿದಳು. "ಇರಿವಿ ಹತ್ತೇವ. ಇನ್ನೊಂದ ದಿನಾ ಇಟ್ರ ಕರಗಿ ಹೋಗ್ತೈತಿ."

ಅವ್ವ ತೀರ್ಪು ಕೊಟ್ಟಳು. "ಪೂಜಿ ಆದ ಮ್ಯಾಲ ಪ್ರಸಾದ. ಎತ್ತಿರ್ಲಿ, ದೇವರಿರ್ಲಿ. ಎಲ್ಲಾರೂ ಹಂಚಿಕೊಂಡು ತಿನ್ರಿ."

ತಿನ್ನಬೇಕು ಸರಿ, ಒಡೆಯುವವರು ಯಾರು? ನಾನು ಹಿಂದೆ ಸರಿದೆ. ಮಾವನವರು ಮುಖ ತಿರುಗಿಸಿದರು. ಬಂದ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಈರಿ ಅಜ್ಜನ ತೊಡೆಯಿಂದ ಇಳಿದು ಹೋದಳು. ಬಾಗಿದ ಕೋಡನ್ನು ಎರಡೂ ಕೈಯಲ್ಲಿ ಹಿಡಿದು ಚಟ್ಟನೆ ಮುರಿದು, ಇರುವೆ ಊದಿ, ತಂದು ಅಜ್ಜನ ಬಾಯಿಗೆ ಹಿಡಿದಳು.

"ತಿನ್ನಜ್ಜಾ. ಅಳಬ್ಯಾಡ. ಮತ್ತ ಪೆಂಟಿ ಕಳಿಸು, ಮತ್ತ ಮಾಡಿಕೊಡ್ತೇನಿ."

ಮಾವನವರು ಬಾಯಿ ತೆರೆದರು. ಅಳುತ್ತಲೇ ಬೆಲ್ಲ ಚಪ್ಪರಿಸಿದರು. ನೀಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಹಂಚಿಕೆ ನಡೆಯಿತು. ಇಣಿ ಇನಾಸನ ಮನೆಗೆ ಹೋಯಿತು, ಲೂಸಿಗೆ ಮಾತ್ರ ಕೊಡಬೇಡಿರೆಂದು ಹೇಳಿಕಳಿಸಿದೆವು. ಗಿರಿಜಾಬಾಯಿಗೆ ಬಾಲ ಬಂತು. ನನ್ನ ಪಾಲಿಗೆ ಮುಂಗಾಲು. ನಾನು ಅದನ್ನು ಬಾಯಿಗೆ ಹಾಕಿಕೊಂಡು ಕೂತೆ, ಆದರೆ ರುಚಿ ಹತ್ತಲಿಲ್ಲ. ಈರಿಯ ಅರಿವೆಯ ಗಂಟು ಮೂಲೆಯಲ್ಲಿ ಕಟ್ಟಿದಂತೆಯೇ ಇತ್ತು. ಮಾವನವರು ಅದನ್ನೇ ನೋಡುತ್ತಿದ್ದರು.

"ಎಲ್ಲಾ ಖರೆ" ಎಂದರು. "ನಾ ಎತ್ತು ಮಾಡೂದು ಕಲಿಸಿದೆ. ನಿಮ್ಮಪ್ಪ ಇಷ್ಟ ದಿನಾ ಪಾಠಾ ಹೇಳ್ಯಾನಂತಲ್ಲ, ಅಂವೇನು ಕಲಿಸಿದಾ?"

ನಾನು ಕಣ್ಣಲ್ಲೇ ಮಗಳಿಗೆ ಅಂಗಲಾಚಿದೆ. ಏನಾದರೂ ಹೇಳು ಮಗಳೇ! ಇಟಲಿಯ ಒಂದು ಹೆಸರು! ಒಂದೇ ಒಂದು ಹೂವಿನ ಲೆಕ್ಕ!

ಈರಿ ಬೆರಳಿಗಂಟಿದ ಬೆಲ್ಲ ನೆಕ್ಕುತ್ತ ಯೋಚಿಸಿದಳು.

"ಏನೂ ಕಲಿಸಿಲ್ಲಜ್ಜಾ" ಎಂದಳು. ನನ್ನ ತಲೆ ತಗ್ಗಿತು. "ಆದ್ರೂ ಅಪ್ಪ ಭಾಳ ಚಲೋ ಮಾಸ್ತರ. ಏನ್ ಕೇಳಿದ್ರೂ ಹೂಂ ಅಂತಾನ."

ಮಾವನವರು ನಕ್ಕರು. ನಾನು ಅವರ ಅಳಿಯನಾದ ಮೇಲೆ ಅಷ್ಟು ದೊಡ್ಡದಾಗಿ ನಕ್ಕದ್ದನ್ನು ಅಂದೇ ಮೊದಲು ಕಂಡದ್ದು. ನಗುತ್ತಲೇ ಎದ್ದು ಹೋಗಿ ಆ ಗಂಟನ್ನು ತಾವೇ ಬಿಚ್ಚಿದರು. ಈರಿಯ ಲಂಗ, ಪೋಲಕ, ಹಣಿಗೆ ಒಂದೊಂದಾಗಿ ತೆಗೆದು ಮಗಳ ಕೈಗೆ ಕೊಟ್ಟರು.

"ನಮ್ಮ ಊರ ಮಾಸ್ತರ ಏನ್ ಕೇಳಿದ್ರೂ ಒಲ್ಲೆ ಅಂತಾನವ್ವಾ. ನೀ ಈ ಮಾಸ್ತರನ ಕಡೆನ ಇರು. ಹೆಸರು ಇವತ್ತಿಲ್ಲಾ ನಾಳಿ ಬರೀತಿ."

ನನ್ನ ಮಗಳು ಉಳಿದಳು! ಈರಿ ಬಂದು ಜಿಗುಟು ಕೈಯಿಂದ ನನ್ನ ಕೊರಳು ತಬ್ಬಿದಳು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಬಾಯಿತುಂಬ ಬೆಲ್ಲ, ಕಣ್ಣುತುಂಬ ನೀರು, ತೊಡೆಯ ಮೇಲೆ ಮಗಳು. ಜಗತ್ತಿನ ಯಾವ ಮಹಾಕಲಾವಿದನೂ ಅಂದು ನನ್ನಷ್ಟು ಸುಖಿಯಾಗಿದ್ದಿರಲಾರ.

ಆಗಲೇ ಅಡಿಗೆಮನೆಯಿಂದ ನೀಲಕ್ಕನ ದನಿ ತೇಲಿಬಂತು. ಬಹಳ ಮೃದುವಾಗಿತ್ತು.

"ಏನ್ರಿ, ಬ್ಯಾಸಗಿ ಸೂಟಿಗೆ ನಮ್ಮಕ್ಕ ತನ್ನ ಐದೂ ಹುಡುಗುರನ್ನ ಇಲ್ಲೇ ಕಳಸ್ತಾಳಂತ. ಎರಡ ತಿಂಗಳಾ ನೀವ ಪಾಠಾ ಹೇಳ್ತೀರಲ್ರಿ?"

"ಹೂಂ" ಎಂದುಬಿಟ್ಟೆ.